ಗುಂಪು ಬಿಡಲು ಹೊರಟ ಹುಡುಗನ ಜೊತೆ ಕೆಲಸ ಮಾಡುವುದು ಹೇಗೆ

ಉತ್ತರ ಕನ್ನಡದಲ್ಲಿ ಪ್ರೊಬೇಷನ್ ಅಧಿಕಾರಿಯಾಗಿ, ಅಂದರೆ ನ್ಯಾಯಾಲಯ ಜೈಲಿಗೆ ಕಳಿಸದೆ ಬಾಂಡಿನ ಮೇಲೆ ಬಿಟ್ಟವರ ಮೇಲ್ವಿಚಾರಣೆ ಮಾಡುವವಳಾಗಿ, ಕೆಲಸ ಮಾಡಿ ನಿವೃತ್ತಳಾದವಳು ನಾನು. ಹುಟ್ಟಿದ್ದು ಶಿರಸಿ ಕಡೆ, ಈಗ ಇರುವುದು ಕುಮಟಾದಲ್ಲಿ. ಇಲಾಖೆಗೆ ಹೊಸದಾಗಿ ಬಂದವರು ಈಗಲೂ ಫೋನ್ ಮಾಡಿ ಕೇಳುತ್ತಾರೆ. ಕಳ್ಳತನದ ಕೇಸು, ಕುಡಿದು ಹೊಡೆದಾಡಿದ ಕೇಸು ಹೇಗೋ ಸಂಭಾಳಿಸುತ್ತೇವೆ, ಆದರೆ ಧರ್ಮದ ಹೆಸರಿನಲ್ಲೋ ಕ್ರಾಂತಿಯ ಹೆಸರಿನಲ್ಲೋ ಹೊಡಿ ಬಡಿ ಎನ್ನುವ ಗುಂಪಿನಲ್ಲಿದ್ದು, ಈಗ ಒಳ್ಳೆಯ ನಡತೆಯ ಬಾಂಡ್ ಬರೆದುಕೊಟ್ಟು ಹೊರಗಿರುವ ಹುಡುಗನನ್ನು ಏನು ಮಾಡುವುದು, ಅವನ ಹತ್ತಿರ ಏನು ಮಾತಾಡುವುದು ಎಂದು. ಅವರಿಗಾಗಿ, ಮತ್ತು ಇಂಥ ಹುಡುಗರ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಸಂಘಟನೆ, ಯಾವ ಸಮುದಾಯ ಎಂದು ಹೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಎಲ್ಲ ಕಡೆಯ ಹುಡುಗರೂ ನನ್ನೆದುರು ಕೂತಿದ್ದಾರೆ, ಕೆಲಸದ ರೀತಿ ಮಾತ್ರ ಬದಲಾಗಲಿಲ್ಲ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬಿಟ್ಟಿದ್ದೇನೆ.

ಮೊದಲು ಕಾನೂನನ್ನು ಸರಿಯಾಗಿ ಓದಿಕೊಳ್ಳಿ, ಹುಡುಗನಿಗೆ ಯಾವುದೇ ಮಾತು ಕೊಡುವ ಮುಂಚೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ (ಪ್ರೊಬೇಷನ್ ಕಾಯ್ದೆ) 4ನೇ ಕಲಮಿನಲ್ಲಿ ಬಿಡುಗಡೆಯಾದವನ ಬಾಂಡು ಹೆಚ್ಚೆಂದರೆ 3 ವರ್ಷದ್ದು. ನಿಮ್ಮ ಮೇಲ್ವಿಚಾರಣೆಗೆ ಒಪ್ಪಿಸಿದ್ದರೆ ಅದು ಕನಿಷ್ಠ 1 ವರ್ಷ. ಮರಣದಂಡನೆ, ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಕ್ಕೆ ಈ ಕಲಂ ಇಲ್ಲ. ಹಾಗಾಗಿ ನಮ್ಮ ಹತ್ತಿರ ಬರುವವರು ಬಾಂಬ್ ಇಟ್ಟವರಲ್ಲ. ಗುಂಪಿನಲ್ಲಿ ನಿಂತು ಕಲ್ಲು ಎಸೆದವರು, ಟೈರಿಗೆ ಬೆಂಕಿ ಹಚ್ಚಿದವರು, ದ್ವೇಷದ ಸಂದೇಶ ಹಂಚಿದವರು. ಅವರಲ್ಲಿ 21 ದಾಟದವರು ಬಹಳ ಜನ, ಅವರಿಗೆ 6ನೇ ಕಲಮಿನ ರಕ್ಷಣೆ ಬೇರೆ ಇದೆ: ನಿಮ್ಮ ವರದಿ ತರಿಸಿ ನೋಡದೆ, ಕಾರಣ ಬರೆಯದೆ ನ್ಯಾಯಾಲಯ ಅಂಥವರನ್ನು ಜೈಲಿಗೆ ಕಳಿಸುವ ಹಾಗಿಲ್ಲ. ಅಂದರೆ ಗುಂಪಿನ ತುದಿಯಲ್ಲಿರುವ, ಇನ್ನೂ ಒಳಗೆ ಹೋಗಬಹುದಾದ ಅಥವಾ ಹೊರಗೆ ಬರಬಹುದಾದ ಹುಡುಗರೇ ನಮ್ಮ ಪಾಲಿಗೆ ಬರುತ್ತಾರೆ. ಇದಕ್ಕಿಂತ ಒಳ್ಳೆಯ ಸಮಯ ಬೇರೆ ಯಾರಿಗೂ ಸಿಗುವುದಿಲ್ಲ.

ಮೊದಲ ಭೇಟಿ

ಮೊದಲ ಭೇಟಿ ಪೊಲೀಸ್ ಠಾಣೆಯಲ್ಲಿ ಬೇಡ. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಲ್ಲೂ ಬೇಡ, ಅಲ್ಲಿ ಕೂತರೆ ಸಂಜೆಯೊಳಗೆ ಇಡೀ ಪೇಟೆಗೆ ಗೊತ್ತಾಗುತ್ತದೆ. ಭಟ್ಕಳದ ಹುಡುಗನನ್ನು ಕಾರವಾರದ ಆಫೀಸಿಗೆ ಕರೆಸಿದರೆ ಅವನ ಒಂದು ದಿನದ ಕೂಲಿ ಹೋಯಿತು, ಸಿಟ್ಟು ಬಂತು. ನೀವೇ ಹೋಗಿ. ತಾಲೂಕು ಕಚೇರಿಯಲ್ಲೋ ಶಾಲೆಯಲ್ಲೋ ಒಂದು ಖಾಲಿ ಕೋಣೆ ಕೇಳಿಕೊಳ್ಳಿ.

ಕೂತ ಕೂಡಲೇ ನೀವು ಯಾರು ಎಂದು ಪೂರ್ತಿ ಹೇಳಿಬಿಡಿ. ನಾನು ಹೇಳುತ್ತಿದ್ದದ್ದು ಹೀಗೆ: "ತಮಾ, ನಾನು ಕೋರ್ಟಿನ ಕಡೆಯವಳು. ನಿನ್ನ ಬಗ್ಗೆ ವರದಿ ಬರೆಯುವವಳು. ಯಾರಿಗಾದರೂ ಪೆಟ್ಟಾಗುವಂಥ ಸಂಗತಿ ನೀನು ಹೇಳಿದರೆ ಅದನ್ನು ನಾನು ಮುಚ್ಚಿಡುವುದಿಲ್ಲ. ಮನೆಯ ಕಷ್ಟ, ನಿನ್ನ ಹೆದರಿಕೆ, ಯಾರ ಮೇಲಾದರೂ ಇರುವ ಸಿಟ್ಟು, ಇದನ್ನು ನಾನು ಊರಿಗೆ ಹಂಚುವುದಿಲ್ಲ. ನಿನಗೆ ಕೆಲಸ ಹುಡುಕುವುದೂ ನನ್ನ ಕೆಲಸವೇ." ಕೊನೆಯ ಮಾತು ಸುಮ್ಮನೆ ಹೇಳುವುದಲ್ಲ, ಕಾಯ್ದೆಯ 14ನೇ ಕಲಮಿನಲ್ಲೇ ಅದು ನಮ್ಮ ಕರ್ತವ್ಯ. ಮೊದಲ ದಿನ ಇಷ್ಟನ್ನು ಬಿಚ್ಚಿ ಹೇಳದೆ ಸ್ನೇಹ ಬೆಳೆಸಿ, ಆರು ತಿಂಗಳ ಮೇಲೆ ವರದಿ ಬರೆದರೆ ಅವನ ಪಾಲಿಗೆ ಅದು ಮೋಸ. ಮೋಸ ಹೋದ ಹುಡುಗ ನೇರ ಹಳೆಯ ಗುಂಪಿಗೇ ಹೋಗುತ್ತಾನೆ, ಯಾಕೆಂದರೆ ಹೊರಗಿನವರನ್ನು ನಂಬಬೇಡ ಎಂದು ಅವರು ಮೊದಲೇ ಹೇಳಿಕೊಟ್ಟಿರುತ್ತಾರೆ.

ವಾದ ಬೇಡ. ಹೊಸಬರಿಗೆ ಇದೇ ಕಷ್ಟ, ಯಾಕೆಂದರೆ ಹುಡುಗ ಆಡುವ ಕೆಲವು ಮಾತು ಕೇಳಿ ಮೈ ಉರಿಯುತ್ತದೆ. ಇತಿಹಾಸದ ಬಗ್ಗೆ, ಇನ್ನೊಂದು ಸಮುದಾಯದ ಹೆಣ್ಣುಮಕ್ಕಳ ಬಗ್ಗೆ ಕಲಿತ ಪಾಠ ಒಪ್ಪಿಸುತ್ತಾನೆ. ಆ ಪಾಠಕ್ಕೆ ಉತ್ತರ ಕೊಡುವವರು ಬರುತ್ತಾರೆ ಎಂದು ಅವನಿಗೆ ಗೊತ್ತು, ಅದಕ್ಕೆ ತಯಾರಿಯೂ ಆಗಿರುತ್ತದೆ. ಒಪ್ಪಿಕೊಂಡಂತೆ ತಲೆಯಾಡಿಸಬೇಡಿ. "ಇದನ್ನು ನಾನು ಒಪ್ಪುವುದಿಲ್ಲ, ಅದು ಆಮೇಲೆ ನೋಡುವ" ಎಂದಷ್ಟೇ ಹೇಳಿ ಬೇರೆ ಪ್ರಶ್ನೆಗೆ ಹೋಗಿ. ಮೊದಲು ನಿನ್ನನ್ನು ಕರೆದವರು ಯಾರು? ಯಾವ ಕೆಲಸ ಕೊಟ್ಟರು? ಜೈಲಿಗೆ ನೋಡಲು ಯಾರು ಬಂದರು? ವಕೀಲರ ಫೀ ಯಾರು ಕೊಟ್ಟರು? ನೀನು ಒಳಗಿದ್ದಾಗ ಮನೆಗೆ ಅಕ್ಕಿ ಯಾರು ತಂದು ಹಾಕಿದರು? ಸಂಜೆ ಎಲ್ಲಿ ಕೂರುತ್ತೀರಿ?

ಈ ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಇಡೀ ಕೆಲಸ ಈ ಪಟ್ಟಿಯಲ್ಲೇ ಇದೆ. ಗುಂಪು ಅವನಿಗೆ ಅಣ್ಣಂದಿರನ್ನು ಕೊಟ್ಟಿದೆ, ಓಡಾಡಲು ಬೈಕು ಕೊಟ್ಟಿದೆ, ಪೇಟೆಯಲ್ಲಿ ನಡೆದರೆ ನಾಲ್ಕು ಜನ ತಿರುಗಿ ನೋಡುವ ಹೆಸರು ಕೊಟ್ಟಿದೆ. ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದವನಿಗೆ ಇದು ಸಣ್ಣದಲ್ಲ. ಒಬ್ಬ ಹುಡುಗ ನನ್ನನ್ನು ಕೇಳಿದ್ದ, "ಅಕ್ಕೋರೆ, ಅವ್ರನ್ನ ಬಿಟ್ರೆ ಸಂಜಿಗೆ ಎಲ್ಲಿ ಹೋಗೂದು ನಾನು?" ಈ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಸಂವಿಧಾನ ಓದಿಸಿ ಪ್ರಯೋಜನವಿಲ್ಲ.

ಬೇರೆ ದೇಶದವರು ಕಲಿತದ್ದೂ ಇದನ್ನೇ. ಹಿಟ್ಲರನ ವಿಚಾರ ಹಿಡಿದ ನವನಾಜಿ ಗುಂಪುಗಳಿಂದ ಜನರನ್ನು ಹೊರತರುವ 'ಎಕ್ಸಿಟ್' ಕೆಲಸ ನಾರ್ವೆಯಲ್ಲಿ 1997ರಲ್ಲಿ, ಸ್ವೀಡನ್ನಿನಲ್ಲಿ 1998ರಲ್ಲಿ ಶುರುವಾಯಿತು. ಜರ್ಮನಿಯಲ್ಲಿ 2000ದಲ್ಲಿ ಹಳೆಯ ಪೊಲೀಸ್ ಅಧಿಕಾರಿ ಬರ್ಂಡ್ ವಾಗ್ನರ್ ಮತ್ತು ತಾನೇ ನವನಾಜಿ ನಾಯಕನಾಗಿದ್ದ ಇಂಗೋ ಹಾಸೆಲ್‌ಬಾಖ್ ಸೇರಿ 'ಎಕ್ಸಿಟ್ ಡಾಯ್ಚ್‌ಲ್ಯಾಂಡ್' ಕಟ್ಟಿದರು. 2011ರಲ್ಲಿ ಗೇರಾ ಎಂಬ ಊರಿನಲ್ಲಿ ನವನಾಜಿಗಳ ಸಂಗೀತ ಮೇಳಕ್ಕೆ ಇವರು ಪುಕ್ಕಟೆ ಟೀಶರ್ಟು ತಲುಪಿಸಿದ್ದರು. ಮೇಲೆ ಆ ಗುಂಪಿಗೆ ಹಿಡಿಸುವಂಥ ಚಿತ್ರ, ಒಗೆದ ಮೇಲೆ ಅದು ಹೋಗಿ ಕೆಳಗಿಂದ ಬೇರೆ ಬರಹ ಬರುತ್ತಿತ್ತು: ನಿನ್ನ ಅಂಗಿಗೆ ಸಾಧ್ಯವಾದದ್ದು ನಿನಗೂ ಸಾಧ್ಯ, ಬಿಡಲು ನಾವು ಸಹಾಯ ಮಾಡುತ್ತೇವೆ ಎಂಬ ಅರ್ಥದ್ದು. ಅದರಲ್ಲಿ ಸಿದ್ಧಾಂತದ ಮೇಲೆ ವಾದವೇ ಇಲ್ಲ, ಇದನ್ನು ಗಮನಿಸಿ. ಜಾನ್ ಹೋರ್ಗನ್ ಎಂಬ ಮನಶ್ಶಾಸ್ತ್ರಜ್ಞರೂ ವರ್ಷಗಟ್ಟಲೆ ಹೇಳುತ್ತ ಬಂದಿದ್ದಾರೆ, ಹಿಂಸೆಯ ಕೆಲಸ ಬಿಡುವುದು ಬೇರೆ, ನಂಬಿಕೆ ಬದಲಾಗುವುದು ಬೇರೆ ಎಂದು. ಮೊದಲನೆಯದನ್ನು ನ್ಯಾಯಾಲಯ ಕೇಳಬಹುದು. ಎರಡನೆಯದಕ್ಕೆ ವರ್ಷಗಳು ಬೇಕು, ಮತ್ತು ಅದು ಅವನದೇ ದಾರಿಯಲ್ಲಿ ಆಗಬೇಕು.

ಸಂಜೆ ತುಂಬಿಸುವುದು

ವಕೀಲರ ವಿಷಯದಿಂದ ಶುರುಮಾಡಿ. ಉಳಿದ ಕೇಸುಗಳಿಗೆ ಗುಂಪಿನವರೇ ವಕೀಲರನ್ನು ಇಟ್ಟಿದ್ದರೆ ಹುಡುಗ ಬಾಯಿ ಬಿಡಲಾರ, ಬೇರೆಯಾಗಲಾರ. ಪ್ರತಿ ತಾರೀಖಿಗೂ ಕಾರವಾರದ ಕೋರ್ಟಿನಲ್ಲೋ ಹೊನ್ನಾವರದ ಕೋರ್ಟಿನಲ್ಲೋ ಅದೇ ಹಳೆಯ ಸಾಲಿನಲ್ಲಿ ನಿಲ್ಲುತ್ತಾನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಅರ್ಹರಿಗೆ ಉಚಿತ ವಕೀಲರು ಸಿಗುತ್ತಾರೆ. ಕಡಿಮೆ ಆದಾಯದವರು, ಪರಿಶಿಷ್ಟ ಜಾತಿ ಪಂಗಡದವರು, ಕಸ್ಟಡಿಯಲ್ಲಿರುವವರು ಅದರಲ್ಲಿ ಬರುತ್ತಾರೆ. ತಾಲೂಕು ಸಮಿತಿಗೆ ಅರ್ಜಿ ಕೊಡಬಹುದು, 15100ಕ್ಕೆ ಫೋನ್ ಮಾಡಬಹುದು. ಅರ್ಜಿಯನ್ನು ನೀವೇ ಜೊತೆಗೆ ಕೂತು ಬರೆಸಿ. ಈ ಒಂದು ಕಾಗದದಿಂದ ಗುಂಪಿನ ದೊಡ್ಡ ಋಣ ಸಡಿಲವಾಗುತ್ತದೆ.

ಆಮೇಲೆ ಕೆಲಸ. ಕರಾವಳಿಯ ಹುಡುಗನಾದರೆ ಬೋಟು ಒಳ್ಳೆಯದು. ಬೈತಖೋಲ, ತದಡಿ, ಕಾಸರಕೋಡ, ಎಲ್ಲ ಮೀನುಗಾರಿಕೆ ಬಂದರಿನಲ್ಲೂ ಕೈಗೆ ಜನ ಬೇಕು. ಸಮುದ್ರದ ಮೇಲೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ದೇಹ ದಣಿಯುತ್ತದೆ, ತಾಂಡೇಲನ (ಬೋಟು ನಡೆಸುವವನ) ಮಾತು ಕೇಳಬೇಕಾಗುತ್ತದೆ, ಪಾಲಿನ ದುಡ್ಡು ಕೈಗೆ ಬರುತ್ತದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮಳೆ, ಕೈಯಲ್ಲಿ ಕಾಸಿಲ್ಲ, ಕೆಲಸವಿಲ್ಲ, ಇಡೀ ದಿನ ಮೊಬೈಲು. ನನ್ನ ಅನುಭವದಲ್ಲಿ ಹುಡುಗರು ಹಿಂದಕ್ಕೆ ಜಾರುವುದು ಆ 61 ದಿನಗಳಲ್ಲೇ ಹೆಚ್ಚು. ಹಾಗಾಗಿ ಏಪ್ರಿಲಿನಲ್ಲೇ ಯೋಚನೆ ಮಾಡಿ: ಬಲೆ ರಿಪೇರಿ, ಬೋಟಿನ ಇಂಜಿನ್ ಕೆಲಸ ಕಲಿಯುವುದು, ಐಟಿಐ ಅರ್ಜಿ. ಘಟ್ಟದ ಮೇಲಿನವನಾದರೆ ಅಡಿಕೆ ಸುಗ್ಗಿಯಲ್ಲಿ ತೊಂದರೆಯಿಲ್ಲ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನ ಜೊತೆ ಹೋದವನಿಗೆ ಬಿಡುವೇ ಇರುವುದಿಲ್ಲ, ರಾತ್ರಿ ಅಡಿಕೆ ಸುಲಿಯುವಲ್ಲಿ ಮಾತೂ ಇರುತ್ತದೆ. ಕೆಲಸ ಕೊಡುವ ಯಜಮಾನರಿಗೆ ಸತ್ಯ ಹೇಳಿ, ಆದರೆ ಹುಡುಗನ ಒಪ್ಪಿಗೆ ಪಡೆದು, ಅವನ ಎದುರಿಗೇ ಹೇಳಿ.

ಕೆಲಸ ಸಿಕ್ಕರೆ ಆಯಿತು ಎಂದು ಕೈ ತೊಳೆದುಕೊಳ್ಳಬೇಡಿ. ಹೊಟ್ಟೆಗಿಲ್ಲದೆ ಗುಂಪು ಸೇರಿದವರು ಕಡಿಮೆ. ತನ್ನಿಂದ ಏನೋ ಆಗುತ್ತದೆ, ತನ್ನನ್ನು ನಂಬಿ ಕೆಲಸ ಒಪ್ಪಿಸುತ್ತಾರೆ ಎಂಬ ಭಾವನೆಗೆ ಸೇರಿದವರು ಹೆಚ್ಚು. ಆ ಹಸಿವಿಗೆ ಬೇರೆ ಊಟ ಬೇಕು. ವಾಲಿಬಾಲ್ ತಂಡ, ಯಕ್ಷಗಾನದ ಚಂಡೆ ಕಲಿಯುವುದು, ಹೆದ್ದಾರಿಯಲ್ಲಿ ಅಪಘಾತ ಆದಾಗ ಓಡುವ ಆಂಬ್ಯುಲೆನ್ಸ್ ಹುಡುಗರ ಬಳಗ. ಕೊನೆಯದು ನನಗೆ ಬಹಳ ಇಷ್ಟ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಿದ್ದವನನ್ನು ಎತ್ತುವಾಗ ಯಾರೂ ಜಾತಿ ಕೇಳುವುದಿಲ್ಲ, ಅಪಾಯದ ಕೆಲಸ ಎಂಬ ಹೆಮ್ಮೆಯೂ ಇದೆ.

ಮೊಬೈಲಿನ ಬಗ್ಗೆ ಎರಡು ಮಾತು. ವಾಟ್ಸಾಪ್ ಗುಂಪುಗಳಿಂದ ಒಂದೇ ದಿನ ಹೊರಗೆ ಬರಿಸಬೇಡಿ, ಅದು ಸವಾಲು ಹಾಕಿದಂತೆ ಕಾಣುತ್ತದೆ. ಮೊದಲು ಮ್ಯೂಟ್, ಆಮೇಲೆ ಆರ್ಕೈವ್, ತಿಂಗಳು ಕಳೆದು ಒಂದೊಂದಾಗಿ ಬಿಡುವುದು. ಕೇಸು ಬಾಕಿ ಇದ್ದರೆ ಮೊಬೈಲಿನಲ್ಲಿರುವ ಏನನ್ನೂ ಅಳಿಸಲು ಹೇಳಬೇಡಿ. ಅದು ಸಾಕ್ಷ್ಯ. ಅಳಿಸಿದರೆ ಅವನೂ ಸಿಕ್ಕಿಬೀಳುತ್ತಾನೆ, ನೀವೂ.

ಹಬ್ಬದ ದಿನಗಳು

ಗಣಪತಿ ಮುಳುಗಿಸುವ ದಿನ, ಮೀಲಾದ್ ಮೆರವಣಿಗೆ, ರಾಮನವಮಿ, ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ, ಚುನಾವಣೆ ಎಣಿಕೆಯ ದಿನ. ವರ್ಷದ ಶುರುವಿನಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ಅವನು ಎಲ್ಲಿರುತ್ತಾನೆ ಎಂದು ಅವನ ಜೊತೆಗೇ ಕೂತು ಗೊತ್ತುಮಾಡಿ. ಘಟ್ಟದ ಮೇಲೆ ಅಕ್ಕನ ಮನೆ, ಬೋಟು, ಆಸ್ಪತ್ರೆಯಲ್ಲಿರುವ ಅಜ್ಜನ ಹತ್ತಿರ ರಾತ್ರಿ ಉಳಿಯುವುದು. "ಹೋಗಬೇಡ" ಎಂದರೆ ಸಾಲದು, ಗೆಳೆಯರು ಕರೆದಾಗ ಹೇಳಲು ಅವನಿಗೆ ಮರ್ಯಾದೆಯ ಕಾರಣ ಬೇಕು.

ಹಬ್ಬಕ್ಕೆ ಮುಂಚೆ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಲು ಇವರನ್ನೆಲ್ಲ ಕರೆಸುವುದಿದೆ. ಮೊದಲು ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 107ನೇ ಕಲಂ, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 126ನೇ ಕಲಂ. ಬಿಡಲು ಹೊರಟವನೂ ಬಿಡದವನೂ ಒಂದೇ ಬೆಂಚಿನ ಮೇಲೆ ಅರ್ಧ ದಿನ ಕೂರುತ್ತಾರೆ, ಹೊರಗೆ ಬಂದು ಒಟ್ಟಿಗೇ ಚಾ ಕುಡಿಯುತ್ತಾರೆ. ತಿಂಗಳುಗಟ್ಟಲೆ ಮಾಡಿದ ಕೆಲಸ ಅಲ್ಲಿಗೆ ಹೋಯಿತು. ಮೊದಲೇ ಪತ್ರ ಬರೆದು ನಿಮ್ಮ ಹುಡುಗನಿಗೆ ಬೇರೆ ದಿನ, ಬೇರೆ ಹೊತ್ತು ಕೇಳಿ. ಎಲ್ಲ ಸಲ ಸಿಗುವುದಿಲ್ಲ, ಆದರೂ ಕೇಳಿ.

ಇಲ್ಲಿಯ ಹಳೆಯ ಗಾಯ ಗೊತ್ತಿರಬೇಕು. 1993ರಲ್ಲಿ ಭಟ್ಕಳ ಕೋಮುಗಲಭೆಯಲ್ಲಿ ತಿಂಗಳುಗಟ್ಟಲೆ ಉರಿಯಿತು, ಜಗನ್ನಾಥ ಶೆಟ್ಟಿ ಆಯೋಗ ವಿಚಾರಣೆ ಮಾಡಿತು. ಆಗ ಹುಟ್ಟಿರದ ಹುಡುಗರೂ ತಮ್ಮ ಮನೆಯ ಲೆಕ್ಕದಲ್ಲಿ ಅದನ್ನು ಹೇಳುತ್ತಾರೆ. ಭಟ್ಕಳ ಎಂಬ ಊರಿನ ಹೆಸರು ಭಯೋತ್ಪಾದನೆ ಕೇಸಿನ ಒಂದಿಬ್ಬರು ಆರೋಪಿಗಳ ಹೆಸರಿಗೆ ಅಂಟಿದ್ದರಿಂದ, ಏನೂ ಮಾಡದ ಹುಡುಗನಿಗೂ ದೂರದ ಊರಲ್ಲಿ ಬಾಡಿಗೆ ಮನೆ ಸಿಗದ ನೋವಿದೆ. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಒಬ್ಬ ಯುವಕನ ಶವ ಕೆರೆಯಲ್ಲಿ ಸಿಕ್ಕ ಮೇಲೆ, ಅದು ಕೊಲೆ ಎಂಬ ಸುದ್ದಿ ಹರಡಿ, ಕುಮಟಾ, ಶಿರಸಿವರೆಗೆ ಗಲಭೆ ಹಬ್ಬಿತು. 2022ರಲ್ಲಿ ಸಿಬಿಐ ಅದು ಆಕಸ್ಮಿಕವಾಗಿ ನೀರಿಗೆ ಬಿದ್ದು ಆದ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಅಂದು ಬೀದಿಗಿಳಿದ ಹುಡುಗನ ಮುಖಕ್ಕೆ ಆ ವರದಿಯನ್ನು ಹಿಡಿಯಬೇಡಿ. ಒಂದು ಮನೆ ಮಗನನ್ನು ಕಳೆದುಕೊಂಡದ್ದು ಸತ್ಯ, ಅವನ ಸಂಕಟವೂ ಸುಳ್ಳಲ್ಲ. "ಆ ರಾತ್ರಿ ನಿನಗೆ ಸುದ್ದಿ ಎಲ್ಲಿಂದ ಬಂತು? ಮುಂದೆ ಕಳಿಸುವ ಮೊದಲು ಯಾರನ್ನಾದರೂ ಕೇಳಿದೆಯಾ?" ಇಷ್ಟು ಕೇಳಿ ಸುಮ್ಮನಿರಿ. ಉತ್ತರ ಆ ದಿನವೇ ಬರಬೇಕಿಲ್ಲ.

ಮನೆಯವರಿಗೆ

ಆಯಿ, ಅಕ್ಕ, ಅಜ್ಜಿ ಇವರೇ ನಿಜವಾದ ಬಲ. ಅಪ್ಪನಿಗೆ ಹೆಚ್ಚಾಗಿ ಸಿಟ್ಟು, ಅದು ಇಳಿಯಲು ಸಮಯ ಕೊಡಿ. "ನಿನ್ನಿಂದ ತಲೆ ಎತ್ತುವ ಹಾಗಿಲ್ಲ" ಎಂದು ದಿನವೂ ಊಟಕ್ಕೆ ಕೂತಾಗ ಹೇಳಿದರೆ, ತಲೆ ಎತ್ತಿ ನಡೆಯುವ ಜಾಗ ಹುಡುಕಿಕೊಂಡು ಅವನು ಹೋಗುತ್ತಾನೆ. ಗುಂಪಿನವರು ಬಾಗಿಲಿಗೆ ಬಂದರೆ ಜಗಳ ಬೇಡ, ಅವನು ಮನೆಯಲ್ಲಿಲ್ಲ ಎಂದು ಸುಳ್ಳೂ ಬೇಡ. "ಕೋರ್ಟಿನ ಬಾಂಡ್ ಇದೆ, ಮುಗಿಯುವವರೆಗೆ ಬರುವುದಿಲ್ಲ" ಎನ್ನಿ. ಆ ಬಾಂಡು ಅವನಿಗೊಂದು ಗುರಾಣಿ, ಹಾಗೆಯೇ ಬಳಸಿ. ಮದುವೆ ಮಾಡಿದರೆ ಸರಿಯಾಗುತ್ತಾನೆ ಎನ್ನುವವರ ಮಾತು ಕೇಳಬೇಡಿ. ಒಂದು ಹೆಣ್ಣಿನ ಬದುಕನ್ನು ಔಷಧಿಯ ಹಾಗೆ ಬಳಸುವುದು ತಪ್ಪು.

ಧರ್ಮದ ಹಿರಿಯರ ಸಹಾಯ ಬೇಕಾಗಬಹುದು, ಆದರೆ ಹುಡುಗ ಮೊದಲಿಂದಲೂ ಗೌರವಿಸುವವರನ್ನು ಮಾತ್ರ ಕೇಳಿ, ಅದೂ ಅವನು ಸ್ವತಃ ಪ್ರಶ್ನೆ ಕೇಳಲು ಶುರುಮಾಡಿದ ಮೇಲೆ.

ಬಿಡುವವನ ಜೀವಕ್ಕೆ ಅಪಾಯ ಇರಬಹುದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆದರಿಕೆ ಬಂದರೆ ತಾರೀಖು, ಹೊತ್ತು ಸಮೇತ ಬರೆಸಿ, ನ್ಯಾಯಾಲಯದ ಗಮನಕ್ಕೆ ತನ್ನಿ. ಊರು ಬದಲಿಸುವುದಾದರೆ ಬಾಂಡಿನ ಷರತ್ತು ನೋಡಿ, ಮೊದಲು ಅನುಮತಿ ಪಡೆಯಿರಿ. ಅವನನ್ನು ಪೊಲೀಸರ ಬಾತ್ಮಿದಾರನನ್ನಾಗಿ ಮಾಡಲು ಯಾರಾದರೂ ಕೇಳಿದರೆ ಒಪ್ಪಬೇಡಿ, ಆ ದಾರಿಯಲ್ಲಿ ಹುಡುಗರು ಸತ್ತಿದ್ದಾರೆ. ವೇದಿಕೆ ಹತ್ತಿಸಿ "ಬದಲಾದ ಯುವಕ" ಎಂದು ಶಾಲು ಹೊದಿಸುವುದೂ ಬೇಡ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಆರು ಮಂದಿ ನಕ್ಸಲರು ಶರಣಾದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಅದು ಸರ್ಕಾರ ಮತ್ತು ಸಂಘಟನೆಯ ನಡುವಿನ ವಿಷಯ, ಅಲ್ಲಿ ಎಲ್ಲರಿಗೂ ಕಾಣುವುದೇ ಅಗತ್ಯ. ನಮ್ಮ ಹುಡುಗನಿಗೆ ಬೇಕಾದದ್ದು ಯಾರೂ ಗಮನಿಸದೆ ಇರುವ ಅವಕಾಶ.

ನಂಬುವುದೂ ನೋಡುವುದೂ

ಪ್ರೀತಿಯಿಂದ ಕೆಲಸ ಮಾಡುತ್ತೇನೆ ಎಂದು ಕಣ್ಣು ಮುಚ್ಚಬಾರದು. 2019ರ ನವೆಂಬರ್ 29ರಂದು ಲಂಡನ್ನಿನ ಫಿಶ್‌ಮಾಂಗರ್ಸ್ ಹಾಲ್‌ನಲ್ಲಿ, ಭಯೋತ್ಪಾದನೆ ಕೇಸಿನಲ್ಲಿ ಜೈಲಿನಿಂದ ಷರತ್ತಿನ ಮೇಲೆ ಹೊರಬಂದಿದ್ದ ಉಸ್ಮಾನ್ ಖಾನ್, ಕೈದಿಗಳ ಪುನರ್ವಸತಿಯ ಸಭೆಯಲ್ಲೇ ಜಾಕ್ ಮೆರಿಟ್ ಮತ್ತು ಸಾಸ್ಕಿಯಾ ಜೋನ್ಸ್ ಎಂಬ ಇಬ್ಬರು ಎಳೆಯರನ್ನು ಕೊಂದ. ಮೇಲ್ನೋಟಕ್ಕೆ ಅವನು ಎಲ್ಲ ಷರತ್ತು ಪಾಲಿಸುತ್ತಿದ್ದ. ಆ ಸಾವುಗಳ ಬಗ್ಗೆ 2021ರಲ್ಲಿ ನಡೆದ ವಿಚಾರಣೆಯಲ್ಲಿ ಜ್ಯೂರಿ (ನಾಗರಿಕರ ಮಂಡಳಿ) ಅವನನ್ನು ನಿಭಾಯಿಸಿದ ವ್ಯವಸ್ಥೆಯ ಲೋಪಗಳನ್ನು ಎತ್ತಿ ಹೇಳಿತು. ಹಾಗಾಗಿ ಒಳ್ಳೆಯ ಮಾತನ್ನು ಪ್ರಗತಿ ಎಂದು ಬರೆಯಬೇಡಿ. ಯಾರ ಜೊತೆ ಊಟ ಮಾಡುತ್ತಾನೆ, ಸಂಬಳ ಎಲ್ಲಿ ಹೋಗುತ್ತದೆ, ಮೆರವಣಿಗೆಯ ದಿನ ಎಲ್ಲಿದ್ದ, ಬೇರೆ ಸಮುದಾಯದ ಗಿರಾಕಿ ಬಂದಾಗ ಹೇಗೆ ನಡೆದುಕೊಂಡ, ಇದನ್ನು ನೋಡಿ. ಕೆಲಸ ಬಿಟ್ಟು ಒಬ್ಬನೇ ಕೋಣೆಯಲ್ಲಿ ಕೂರತೊಡಗಿದರೆ, ಎಲ್ಲದಕ್ಕೂ "ಸರಿ ಅಕ್ಕೋರೆ" ಎಂದಷ್ಟೇ ಹೇಳತೊಡಗಿದರೆ ಭೇಟಿ ಹೆಚ್ಚಿಸಿ, ಮೇಲಧಿಕಾರಿಗೆ ಬರೆದು ತಿಳಿಸಿ.

ಅಮೆರಿಕದ ಮಿನೆಸೋಟದಲ್ಲಿ 2016ರಲ್ಲಿ ಐಸಿಸ್ ಸೇರಲು ಹೊರಟಿದ್ದ ಯುವಕರ ಕೇಸು ನಡೆಸಿದ ನ್ಯಾಯಾಧೀಶ ಮೈಕೆಲ್ ಡೇವಿಸ್, ಜರ್ಮನಿಯಿಂದ ಡೇನಿಯಲ್ ಕೋಲರ್ ಎಂಬ ತಜ್ಞರನ್ನು ಕರೆಸಿ ತಮ್ಮ ಪ್ರೊಬೇಷನ್ ಅಧಿಕಾರಿಗಳಿಗೇ ತರಬೇತಿ ಕೊಡಿಸಿದರು. ವಿಚಾರಣೆ ಎದುರಿಸಿದವರಿಗೆ 30, 35 ವರ್ಷ ಜೈಲಾಯಿತು. ತಪ್ಪೊಪ್ಪಿ ಸಹಕರಿಸಿದ ಒಬ್ಬನನ್ನು, ಕಳೆದ ಜೈಲುವಾಸವೇ ಸಾಕು ಎಂದು, 20 ವರ್ಷದ ನಿಗಾದಡಿ ಬಿಟ್ಟರು. 20 ವರ್ಷ! ನಮಗೆ ಸಿಗುವುದು ಒಂದರಿಂದ ಮೂರು. ಅದಕ್ಕೇ ಮೊದಲ ವಾರ ವ್ಯರ್ಥ ಮಾಡಬೇಡಿ ಎನ್ನುವುದು.

ಹುಡುಗ ಒಮ್ಮೆ ಎಡವಿದರೆ, ಅಂದರೆ ಹಳೆಯ ಗೆಳೆಯರ ಸಭೆಗೆ ಹೋದ, ಹಾಜರಿ ತಪ್ಪಿಸಿದ ಎಂದರೆ, ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಪ್ರೊಬೇಷನ್ ಕಾಯ್ದೆಯ 9ನೇ ಕಲಂ ಪ್ರಕಾರ ಮೊದಲ ಸಲದ ಉಲ್ಲಂಘನೆಗೆ ನ್ಯಾಯಾಲಯ ಬಾಂಡನ್ನು ಹಾಗೆಯೇ ಇಟ್ಟು 50 ರೂಪಾಯಿ ಮೀರದ ದಂಡ ಹಾಕಬಹುದು. ಆದರೆ ನ್ಯಾಯಾಲಯದಿಂದ ಮುಚ್ಚಿಡಬೇಡಿ. ನಡೆದದ್ದನ್ನು ನಡೆದ ಹಾಗೆ, ವಿಶೇಷಣ ಹಾಕದೆ ಬರೆಯಿರಿ. ಶಿಕ್ಷೆಗೆ ಮುಂಚೆ ನೀವು ಕೊಟ್ಟ ವರದಿ ಗೌಪ್ಯವೇ ಆದರೂ ಅದರ ಸಾರವನ್ನು ನ್ಯಾಯಾಲಯ ಅವನಿಗೆ ತಿಳಿಸಬಹುದು. ಅವನು ಓದಿದರೂ ನನ್ನ ಮೇಲೆ ನಂಬಿಕೆ ಉಳಿಯಬೇಕು ಎಂಬಂತೆ ಬರೆಯಿರಿ.

ಸುಟ್ಟ ಅಂಗಡಿಯವರನ್ನು ಮರೆಯಬೇಡಿ. 5ನೇ ಕಲಮಿನಲ್ಲಿ ಪರಿಹಾರ ಕೊಡಿಸಿದ್ದರೆ ಅದು ಹುಡುಗನ ದುಡಿಮೆಯಿಂದ, ಸ್ವಲ್ಪ ಸ್ವಲ್ಪವಾದರೂ ಹೋಗಲಿ, ಗುಂಪಿನ ನಿಧಿಯಿಂದ ಬೇಡ. ಭೇಟಿ ಮಾಡಿಸುವ ಆತುರ ಬೇಡ. ನೊಂದವರು ತಾವಾಗಿ ಒಪ್ಪಿದರೆ ಮಾತ್ರ, ಅವರು ಹೇಳಿದ ಜಾಗದಲ್ಲಿ.

ಅವಧಿ ಮುಗಿಯಲು ಎರಡು ತಿಂಗಳಿರುವಾಗ ಆದೇಶದ ಸರ್ಟಿಫೈಡ್ ಕಾಪಿ ತೆಗೆಸಿ ಅವನ ಕೈಗೆ ಕೊಡಿ. 12ನೇ ಕಲಮಿನ ಪ್ರಕಾರ, ಪ್ರೊಬೇಷನ್ನಿನ ಮೇಲೆ ಬಿಟ್ಟವನಿಗೆ ಶಿಕ್ಷೆಯ ಜೊತೆ ಬರುವ ಅನರ್ಹತೆ ತಟ್ಟುವುದಿಲ್ಲ. ಅಪರಾಧವೇ ಅಳಿಸಿಹೋಯಿತು ಎಂದು ಮಾತ್ರ ಹೇಳಬೇಡಿ, ಹಾಗೆ ಆಗುವುದಿಲ್ಲ. ನಮ್ಮ ಕಡೆಯ ಹುಡುಗರು ಗಲ್ಫಿಗೆ, ಹಡಗಿಗೆ ಹೋಗುವವರು. ಪಾಸ್‌ಪೋರ್ಟ್ ಅರ್ಜಿಯಲ್ಲಿ, ಕೆಲಸದ ಫಾರಂನಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ನಿಜ ಬರೆದು, ಈ ಕಾಪಿ ಲಗತ್ತಿಸಲು ಕಲಿಸಿ. ಮೊದಲ ಫಾರಂ ತುಂಬುವಾಗ ಪಕ್ಕದಲ್ಲಿ ಕೂತುಕೊಳ್ಳಿ.